ದರಪಟ್ಟಿಯಲ್ಲಿಲ್ಲದ ಬೆಳಕು

ಉತ್ತರ ಕ್ಯಾರೊಲೈನಾದ ಊರೊಂದರಲ್ಲಿ ಮಗಳ ಮನೆಗೆ ಬಂದು ಕೆಲವು ತಿಂಗಳು ನಿಂತಿದ್ದಾಗ, ಅಲ್ಲಿಯ ದೇವಸ್ಥಾನಕ್ಕೆ ಸೇರಿದ ಸಭಾಭವನಕ್ಕೆ ಹೊಸ ದೀಪಗಳನ್ನು ಹಾಕಿಸುವುದಕ್ಕಾಗಿ ಕರೆದಿದ್ದ ಸಮಿತಿಯ ಸಭೆಯಲ್ಲಿ, ಮತ ಹಾಕುವ ಹಕ್ಕೂ ಮಾತನಾಡುವ ಹೊಣೆಯೂ ಇಲ್ಲದ ಅತಿಥಿಯಾಗಿ, ಹಿಂದಿನ ಕುರ್ಚಿಯಲ್ಲಿ ಕುಳಿತಿರುವ ಸುಯೋಗ ನನಗೆ ಒದಗಿತು. ಭವನವೆಂದರೆ ಅಂಥ ಭವ್ಯವಾದದ್ದೇನೂ ಅಲ್ಲ. ಯುಗಾದಿಗೆ ಹೋಳಿಗೆಯ ಊಟ, ರಾಜ್ಯೋತ್ಸವಕ್ಕೆ ಮಕ್ಕಳ ಕುಣಿತ, ನಡುವೆ ಒಂದೆರಡು ಉಪನಯನ, ಸೀಮಂತ, ಷಷ್ಟ್ಯಬ್ದಿ, ಎಂದಾದರೊಮ್ಮೆ ಊರ ಕಡೆಯಿಂದ ಬಂದ ಮೇಳದ ಆಟ, ಇಷ್ಟೆಲ್ಲಕ್ಕೂ ಅದೊಂದೇ ಸೂರು. ಸಮಿತಿಯ ಮುಂದೆ ಮೂವರು ಕಾಂಟ್ರಾಕ್ಟರುಗಳ ದರಪಟ್ಟಿಗಳಿದ್ದುವು. ಪ್ರತಿಯೊಂದರಲ್ಲಿಯೂ ನಾಲ್ಕು ಅಂಕಣ: ದೀಪವೊಂದರ ಬೆಲೆ, ಅದಕ್ಕೆ ಬೇಕಾಗುವ ವ್ಯಾಟು, ಗ್ಯಾರಂಟಿಯ ವರ್ಷಗಳು, ವಿದ್ಯುತ್ ಕಂಪೆನಿ ಕೊಡುವ ರಿಯಾಯಿತಿ. ಖಜಾಂಚಿಯಾಗಿದ್ದ ತರುಣರು ನಾಲ್ಕನ್ನೂ ಕೂಡಿ ಕಳೆದು, ಮೂರನೆಯ ಪಟ್ಟಿಯೇ ಲಾಭಕರವೆಂದು ತೋರಿಸಿದರು. ಹತ್ತು ನಿಮಿಷಗಳಲ್ಲಿ ವಿಷಯ ಇತ್ಯರ್ಥವಾಗಿ, ಮಾತು ಪಾರ್ಕಿಂಗಿನ ಕಡೆಗೆ ತಿರುಗಿತು.

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಬೆಳಕನ್ನು ಕೊಳ್ಳುವುದಕ್ಕೆ ಕುಳಿತವರ ಮುಂದಿದ್ದ ಕಾಗದದಲ್ಲಿ ಬೆಳಕಿನ ವಿಚಾರವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇತ್ತೆಂಬುದು ನನಗೆ ಮನೆಗೆ ಬಂದ ಮೇಲೆ ಹೊಳೆಯಿತು. ಆ ದೀಪದ ಕೆಳಗೆ ಕುಳಿತ ಅಜ್ಜಿಯ ಮುಖ ಹೇಗೆ ಕಾಣುವುದು, ಹರಿವಾಣದ ಕುಂಕುಮ ಕೆಂಪಾಗಿಯೇ ಇರುವುದೇ, ವೇದಿಕೆಯ ಮೇಲೆ ಹಾಡುವವನ ಕಣ್ಣಿಗೆ ಅದು ಚುಚ್ಚುವುದೇ, ಸಂಜೆಯ ಭಜನೆಗೂ ಮಧ್ಯಾಹ್ನದ ಊಟಕ್ಕೂ ಅದು ಒಂದೇ ಸಮನೆ ಉರಿಯತಕ್ಕದ್ದೇ, ಈ ಪ್ರಶ್ನೆಗಳಿಗೆ ಅಲ್ಲಿ ಅಂಕಣವಿರಲಿಲ್ಲ. ಇದು ಆ ಒಂದು ಸಮಿತಿಯ ಕೊರತೆಯಲ್ಲ. ವಾಷಿಂಗ್ಟನ್ನಿನ ಕಚೇರಿಗಳಿಂದ ಹಿಡಿದು ನಮ್ಮ ಜಿಲ್ಲಾ ಆಸ್ಪತ್ರೆಗಳವರೆಗೆ, ಸಾರ್ವಜನಿಕ ಕಟ್ಟಡಗಳ ಒಳಾಂಗಣಕ್ಕೆ ಬೆಳಕನ್ನು ಆರಿಸುವ ಬಹುಮಟ್ಟಿನ ಕೆಲಸ ಇಂದು ಹೀಗೆಯೇ ನಡೆಯುತ್ತಿದೆ. ದೀಪ ಅಗ್ಗವಾಗಿದೆ, ಅದು ಒಳ್ಳೆಯದೇ. ಆದರೆ ದೀಪದಲ್ಲಿ ಉಳಿದ ಹಣದ ಒಂದು ಪಾಲನ್ನು ಬೆಳಕಿನ ವಿನ್ಯಾಸಕ್ಕೆ ವಿನಿಯೋಗಿಸದೆ ಹೋದರೆ ನಾವು ಉಳಿಸಿದ್ದು ಹಣವನ್ನು ಮಾತ್ರ, ಕಳೆದುಕೊಂಡದ್ದು ಅದಕ್ಕಿಂತ ದೊಡ್ಡದನ್ನು ಎಂಬುದು ಈ ಲೇಖನದ ವಾದ.

ಬೆಳಕಿಗೂ ಕಟ್ಟಡಕ್ಕೂ ಇರುವ ಸಂಬಂಧವನ್ನು ನಾನು ಕಣ್ಣಾರೆ ಕಂಡದ್ದು ವಾಷಿಂಗ್ಟನ್ ನಗರದ ಮೆಟ್ರೋ ನಿಲ್ದಾಣಗಳಲ್ಲಿ. 1976ರ ಮಾರ್ಚ್ 27ರಂದು ಆರಂಭವಾದ ಆ ರೈಲಿನ ನೆಲದಡಿಯ ನಿಲ್ದಾಣಗಳನ್ನು ರೂಪಿಸಿದವರು ಹ್ಯಾರಿ ವೀಸ್ ಎಂಬ ವಾಸ್ತುಶಿಲ್ಪಿ; ಅವುಗಳ ಬೆಳಕನ್ನು ಯೋಜಿಸಿದವರು ವಿಲಿಯಂ ಲ್ಯಾಮ್. ಉದ್ದವಾದ ಚಲಿಸುವ ಮೆಟ್ಟಿಲಿನಲ್ಲಿ ಇಳಿಯುತ್ತ ಹೋದಂತೆ, ಗುಳಿಗುಳಿಯಾಗಿ ಅಚ್ಚೊತ್ತಿದ ಕಾಂಕ್ರೀಟಿನ ಕಮಾನೊಂದು ತಲೆಯ ಮೇಲೆ ತೆರೆದುಕೊಳ್ಳುತ್ತದೆ. ಅದು ಬೆಳಗುತ್ತಿದೆ, ಆದರೆ ದೀಪವೆಲ್ಲಿದೆಯೆಂದು ಹುಡುಕಿದರೆ ತಟ್ಟನೆ ಕಾಣದು. ಹಳಿಗಳ ನಡುವಣ ತೊಟ್ಟಿಗಳಲ್ಲಿಯೂ ಗೋಡೆಯ ಬುಡದ ಕಟ್ಟೆಗಳಲ್ಲಿಯೂ ದೀಪಗಳನ್ನು ಮರೆಮಾಡಿ, ಅವುಗಳ ಬೆಳಕನ್ನು ಕಮಾನಿಗೆ ಹಾಯಿಸಿ, ಅಲ್ಲಿಂದ ಅದು ತಿಳಿಯಾಗಿ ಜನರ ಮೇಲೆ ಇಳಿಯುವಂತೆ ಮಾಡಿದ್ದಾರೆ. ಮನುಷ್ಯನ ಕಣ್ಣು ದೀಪವನ್ನು ನೋಡುವುದಕ್ಕಾಗಿ ಅಲ್ಲ, ದೀಪ ಬೆಳಗಿದ್ದನ್ನು ನೋಡುವುದಕ್ಕಾಗಿ ಇದೆಯೆಂಬ ತತ್ತ್ವವನ್ನು ಇಷ್ಟು ಜನಸಂದಣಿಯ ಸ್ಥಳದಲ್ಲಿ ಇಷ್ಟು ದೃಢವಾಗಿ ಸಾಧಿಸಿ ತೋರಿಸಿದ ಕಟ್ಟಡಗಳು ವಿರಳ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ, ಕಾಲದ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಟ್ಟಡಗಳಿಗೆ ಸಲ್ಲಿಸುವ ತನ್ನ ಇಪ್ಪತ್ತೈದು ವರ್ಷಗಳ ಪ್ರಶಸ್ತಿಯನ್ನು 2014ರಲ್ಲಿ ಈ ಮೆಟ್ರೋಗೆ ಕೊಟ್ಟಿತು.

ಆದರೂ ಪ್ರಶಸ್ತಿ ಕೊಡುವವರು ಬೇರೆ, ನಿತ್ಯ ಓಡಾಡುವವರು ಬೇರೆ. ನಿಲ್ದಾಣಗಳು ಕತ್ತಲೆಯಾಗಿವೆ, ಪತ್ರಿಕೆ ಓದಲಾಗುವುದಿಲ್ಲ, ಅಂಚು ಕಾಣುವುದಿಲ್ಲ ಎಂಬ ದೂರು ಅಲ್ಲಿ ಬಹುಕಾಲದ್ದು. ದಶಕಗಳ ಧೂಳು ಕುಳಿತು ಕಮಾನುಗಳು ಮಸುಕಾದಷ್ಟೂ ಅದು ಬಲವಾಯಿತು. 2017ರಲ್ಲಿ ಯೂನಿಯನ್ ಸ್ಟೇಷನ್ನಿನ ನೆಲದಡಿಯ ಕಮಾನಿಗೆ ಆಡಳಿತದವರು ಬಿಳಿಯ ಬಣ್ಣವನ್ನೇ ಬಳಿಸಿಬಿಟ್ಟಾಗ, ಕಾಂಕ್ರೀಟಿನ ಸಹಜ ವರ್ಣವೇ ಆ ಕಟ್ಟಡದ ಜೀವವೆಂದು ನಂಬಿದ ವಾಸ್ತುಶಿಲ್ಪಿಗಳು ಪ್ರತಿಭಟಿಸಿದರು. ಪ್ರಯಾಣಿಕರಲ್ಲಿ ಹಲವರು ಸದ್ಯ ಬೆಳಕಾಯಿತಲ್ಲ ಎಂದರು. ಮುಂದೆ ನಿಲ್ದಾಣಗಳ ಹಳೆಯ ದೀಪಗಳು ಹೋಗಿ ಎಲ್‌ಇಡಿ ದೀಪಗಳು ಬಂದುವು. ಈ ಜಗಳದಲ್ಲಿ ಎರಡು ಪಕ್ಷಗಳಿಗೂ ಅರ್ಧರ್ಧ ಸತ್ಯ ಸಲ್ಲುತ್ತದೆ. ಪ್ರಯಾಣಿಕನಿಗೆ ಬೇಕಾದದ್ದು ಮೆಟ್ಟಿಲಿನ ಮೇಲೆ, ವೇದಿಕೆಯ ಅಂಚಿನಲ್ಲಿ, ನಿಲ್ದಾಣದ ಹೆಸರು ಬರೆದ ಕಂಬದ ಮೇಲೆ ಬೆಳಕು. ವಾಸ್ತುಶಿಲ್ಪಿಗೆ ಬೇಕಾದದ್ದು ಕಮಾನಿನ ಮೇಲೆ ಮೃದುವಾದ ಬೆಳಕು, ನಡುವೆ ಸ್ವಲ್ಪ ನೆರಳು. ಇವೆರಡೂ ಒಂದನ್ನೊಂದು ಕೊಲ್ಲುವ ಬೇಡಿಕೆಗಳಲ್ಲ. ಎಷ್ಟು ಬೆಳಕು ಎಂಬ ಪ್ರಶ್ನೆಯನ್ನು ಮಾತ್ರ ಕೇಳಿದಾಗ ಅವು ವಿರೋಧಿಗಳಾಗುತ್ತವೆ. ಎಲ್ಲಿ, ಯಾವಾಗ, ಯಾವ ಬಣ್ಣದ ಬೆಳಕು ಎಂದು ಕೇಳಿದೊಡನೆ ರಾಜಿಯಾಗುತ್ತವೆ.

ಎಲ್‌ಇಡಿಯ ಚರಿತ್ರೆಯನ್ನು ಬರೆಯುವವರು ಅಮೆರಿಕದ ಈ ಆಗ್ನೇಯ ಭಾಗಕ್ಕೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಉತ್ತರ ಕ್ಯಾರೊಲೈನಾದ ರಾಜ್ಯ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಿಂದ ಹೊರಬಂದ ಕೆಲವು ಸಂಶೋಧಕರು 1987ರಲ್ಲಿ ಕ್ರೀ ಎಂಬ ಕಂಪೆನಿಯನ್ನು ಸ್ಥಾಪಿಸಿದರು. 1989ರಲ್ಲಿ ಸಿಲಿಕಾನ್ ಕಾರ್ಬೈಡಿನ ಹರಳಿನಿಂದ ನೀಲಿಯ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದರು. ಅದು ಮಂದವಾದ ನೀಲಿ. ಕಣ್ಣು ಕೋರೈಸುವ ನೀಲಿಯನ್ನು ಗ್ಯಾಲಿಯಂ ನೈಟ್ರೈಡಿನಿಂದ ಸಾಧಿಸಿದ ಕೀರ್ತಿ ಜಪಾನಿನಲ್ಲಿ ದುಡಿದ ಅಕಸಾಕಿ, ಅಮಾನೊ, ನಾಕಮುರ ಎಂಬ ಮೂವರದು, ಅದಕ್ಕಾಗಿ ಅವರಿಗೆ 2014ರ ನೊಬೆಲ್ ಪಾರಿತೋಷಕ ಸಂದಿತು. ಆ ನೀಲಿಯ ಮೇಲೆ ಹಳದಿ ಬೆಳಕನ್ನು ಸೂಸುವ ಪುಡಿಯೊಂದನ್ನು ಲೇಪಿಸಿದರೆ ಎರಡೂ ಬೆರೆತು ಕಣ್ಣಿಗೆ ಬಿಳಿಯೆಂದು ತೋರುವುದು. ಇಂದು ಜಗತ್ತಿನ ಕಚೇರಿ, ಅಂಗಡಿ, ಆಸ್ಪತ್ರೆಗಳ ಬೆಳಕಿನ ಬಹುಭಾಗ ಈ ಉಪಾಯದ ಫಲ. 2007ರಲ್ಲಿ ರ‍್ಯಾಲಿ ನಗರ ತನ್ನ ವಾಹನ ನಿಲುಗಡೆಯ ಕಟ್ಟಡವೊಂದಕ್ಕೆ ಈ ದೀಪಗಳನ್ನು ಹಾಕಿಸಿ, ತನ್ನನ್ನು ಎಲ್‌ಇಡಿ ನಗರವೆಂದು ಕರೆದುಕೊಂಡಿತು. 2013ರಲ್ಲಿ ಅದೇ ಕ್ರೀ ಕಂಪೆನಿಯ ಬಲ್ಬೊಂದು, ಅಟ್ಲಾಂಟದಲ್ಲಿ ಕೇಂದ್ರ ಕಚೇರಿಯಿರುವ ಹೋಮ್ ಡಿಪೋ ಮಳಿಗೆಗಳಲ್ಲಿ ಹತ್ತು ಡಾಲರಿಗೂ ಕಡಿಮೆ ಬೆಲೆಗೆ ಬಂದಾಗ ಸಾಮಾನ್ಯರ ಮನೆಯ ಬಾಗಿಲೂ ತೆರೆಯಿತು.

ಅತ್ತ ವಾಷಿಂಗ್ಟನ್ನಿನಲ್ಲಿ ಶಾಸನದ ಕೈಯೂ ಕೆಲಸ ಮಾಡುತ್ತಿತ್ತು. 2007ರ ಇಂಧನ ಶಾಸನ ಹಳೆಯ ತಂತಿಯ ಬಲ್ಬಿಗೆ ಕಾಲಮಿತಿಯನ್ನು ಸೂಚಿಸಿತು. ರಾಜಕೀಯದ ಎಳೆದಾಟಗಳೆಲ್ಲ ಮುಗಿದು, ವ್ಯಾಟಿಗೆ 45 ಲ್ಯೂಮೆನ್ನಿಗಿಂತ ಕಡಿಮೆ ಬೆಳಕು ಕೊಡುವ ಸಾಮಾನ್ಯ ಬಲ್ಬುಗಳನ್ನು ಮಾರಕೂಡದೆಂಬ ನಿಯಮ 2023ರ ಆಗಸ್ಟ್ 1ರಿಂದ ಪೂರ್ಣವಾಗಿ ಜಾರಿಗೆ ಬಂತು. ಅಟ್ಲಾಂಟದ ಬಳಿ ನೆಲೆಯಿರುವ ಆಶ್ರೇ ಎಂಬ ಎಂಜಿನಿಯರುಗಳ ಸಂಘ ಕಟ್ಟಡಗಳಿಗೆ ವಿಧಿಸುವ ಇಂಧನದ ಮಾನದಂಡದಲ್ಲಿ, ಕಚೇರಿಯ ಪ್ರತಿ ಚದರ ಅಡಿಯ ಬೆಳಕಿಗೆ 2004ರಲ್ಲಿ ಒಂದು ವ್ಯಾಟಿನ ಮಿತಿಯಿತ್ತು. 2019ರ ಹೊತ್ತಿಗೆ ಅದು 0.64 ವ್ಯಾಟಿಗೆ ಇಳಿಯಿತು. ಅರವತ್ತು ವ್ಯಾಟಿನ ಬಲ್ಬು ಕೊಡುತ್ತಿದ್ದಷ್ಟು ಬೆಳಕನ್ನು ಒಂಬತ್ತು ಹತ್ತು ವ್ಯಾಟಿನ ದೀಪ ಕೊಡುವಾಗ ಈ ಇಳಿತ ಸಾಧ್ಯವಾಯಿತು, ಸಾಧುವೂ ಆಯಿತು. ಕಲ್ಲಿದ್ದಲನ್ನು ಸುಟ್ಟು ಬೆಳಕು ಮಾಡುವ ಲೋಕದಲ್ಲಿ ಇದಕ್ಕೆ ಎದುರು ನುಡಿಯುವುದು ಅವಿವೇಕ. ಆದರೆ ವ್ಯಾಟಿಗೆ ಮಿತಿ ಹಾಕಿದಷ್ಟು ಸುಲಭವಾಗಿ ಬೆಳಕಿನ ಗುಣಕ್ಕೆ ವಿಧಿ ಬರೆಯುವುದಕ್ಕಾಗುವುದಿಲ್ಲ. ಆದುದರಿಂದ ಅಳೆಯುವುದಕ್ಕೆ ಸುಲಭವಾದದ್ದು ದರಪಟ್ಟಿಯಲ್ಲಿ ಸ್ಥಾನ ಪಡೆಯಿತು, ಕಷ್ಟವಾದದ್ದು ಹೊರಗೆ ನಿಂತಿತು.

ಹೊರಗೆ ನಿಂತದ್ದು ಯಾವುದೆಂಬುದು ನಮ್ಮ ಸೀರೆಯಂಗಡಿಗೆ ಹೋಗಿಬರುವ ಯಾವ ಗೃಹಿಣಿಗೂ ಗೊತ್ತು. ಚಿಕ್ಕಪೇಟೆಯ ಅಂಗಡಿಯ ಒಳಗೆ, ಗಾದಿಯ ಮೇಲೆ ಹರಡಿದ ಹತ್ತಾರು ಸೀರೆಗಳಲ್ಲಿ ಒಂದನ್ನು ಆರಿಸಿಕೊಂಡ ತಾಯಿ, ಹಣ ಕೊಡುವುದಕ್ಕೆ ಮೊದಲು ಅದರ ಸೆರಗನ್ನು ಎತ್ತಿಕೊಂಡು ಬಾಗಿಲ ಬಳಿಗೆ ಬಂದು ಹಗಲಿನ ಬೆಳಕಿನಲ್ಲಿ ಹಿಡಿದು ನೋಡುತ್ತಾಳೆ. ಒಳಗೆ ಮಾವಿನ ಚಿಗುರಿನಂತೆ ಕಂಡದ್ದು ಹೊರಗೆ ಇಟ್ಟಿಗೆಯಂತೆ ಕಾಣುವುದುಂಟೆಂಬುದು ಅವಳ ಅನುಭವ. ಈ ಅನುಭವವನ್ನೇ ವಿಜ್ಞಾನಿಗಳು ವರ್ಣನಿಷ್ಠೆಯ ಸೂಚ್ಯಂಕವೆಂಬ ಸಂಖ್ಯೆಯಲ್ಲಿ ಹಿಡಿದಿಡುವುದಕ್ಕೆ ಪ್ರಯತ್ನಿಸಿದರು. ನೂರಕ್ಕೆ ಎಷ್ಟು ಹತ್ತಿರವೋ ಅಷ್ಟು ನಿಷ್ಠೆ. ಆದರೆ ಈ ಸಂಖ್ಯೆಯನ್ನು ಲೆಕ್ಕ ಹಾಕುವುದು ಎಂಟು ಮಾದರಿ ಬಣ್ಣಗಳಿಂದ, ಆ ಎಂಟೂ ಮಂದವಾದ, ತೆಳುವಾದ ಬಣ್ಣಗಳು. ಕಡುಗೆಂಪು ಅವುಗಳಲ್ಲಿ ಇಲ್ಲ. ಹಾಗಾಗಿ ಎಂಬತ್ತು ಅಂಕ ಗಳಿಸಿ ಉತ್ತಮದರ್ಜೆಯೆನಿಸಿಕೊಂಡ ಅಗ್ಗದ ದೀಪದ ಕೆಳಗೆ ಕುಂಕುಮ ಕಂದಿಹೋಗಬಹುದು, ಮೈಸೂರು ರೇಷ್ಮೆಯ ಕೆಂಪು ಸಾಯಬಹುದು, ಕಂದು ಮೈಬಣ್ಣದಲ್ಲಿರುವ ರಕ್ತದ ಕಳೆ ಮಾಯವಾಗಿ ಆರೋಗ್ಯವಂತನೂ ರೋಗಿಯಂತೆ ಕಾಣಬಹುದು. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಅಮೆರಿಕದ ಬೆಳಕಿನ ಎಂಜಿನಿಯರುಗಳ ಸಂಘ 2015ರಲ್ಲಿ ತೊಂಬತ್ತೊಂಬತ್ತು ಬಣ್ಣಗಳ ಹೊಸದೊಂದು ಅಳತೆಯನ್ನು ಪ್ರಕಟಿಸಿತು. ದರಪಟ್ಟಿಗಳು ಮಾತ್ರ ಅದನ್ನು ಇನ್ನೂ ಅಷ್ಟಾಗಿ ಮನ್ನಿಸುತ್ತಿಲ್ಲ.

ಬಣ್ಣಗಳು ತಾವು ಹುಟ್ಟಿದ ಬೆಳಕನ್ನು ಮರೆಯುವುದಿಲ್ಲವೆಂಬುದಕ್ಕೆ ನಮ್ಮ ಯಕ್ಷಗಾನಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ. ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತು ಬರೆದುಕೊಳ್ಳುವ ಆ ಕೆಂಪು ಕಪ್ಪು ಬಿಳಿಯ ರೇಖೆಗಳು, ಬಣ್ಣದ ವೇಷದ ಮುಖದ ಮೇಲೆ ಮುಳ್ಳುಮುಳ್ಳಾಗಿ ಏಳುವ ಚುಟ್ಟಿ, ಎದೆಗಟ್ಟಿನ ಹೊಳಪು, ಇವೆಲ್ಲ ದೀವಟಿಗೆಯ ಅಲುಗುವ ಹೊಂಬೆಳಕಿಗಾಗಿ ರೂಪುಗೊಂಡವು. ಗ್ಯಾಸ್‌ಲೈಟಿಗೆ ಹೇಗೋ ಹೊಂದಿಕೊಂಡುವು. ಟ್ಯೂಬ್‌ಲೈಟಿನ ಕಾಲದಲ್ಲಿ ಸೊರಗಿದುವು. ಬಾಡಿಗೆಗೆ ಪಡೆದ ಶಾಲೆಯ ಸಭಾಂಗಣವೊಂದರಲ್ಲಿ, ಅಮೆರಿಕದ ಇದೇ ಸೀಮೆಯಲ್ಲಿ, ಕನ್ನಡ ಕೂಟದವರು ಏರ್ಪಡಿಸಿದ್ದ ಆಟವನ್ನು ನಾನು ನೋಡಿದೆ. ಚಾವಣಿಯ ತುಂಬ ಚೌಕ ಚೌಕವಾದ ಎಲ್‌ಇಡಿ ಹಲಗೆಗಳು, ಹಗಲಿಗಿಂತಲೂ ನೀಲಿಯಾದ ಬೆಳಕು. ಅವನ್ನು ತಗ್ಗಿಸುವ ಗುಂಡಿಯಿರಲಿಲ್ಲ, ಉರಿಸಬೇಕು ಇಲ್ಲವೇ ಆರಿಸಬೇಕು. ಮೇಲಿನಿಂದ ಮಾತ್ರ ಬಿದ್ದ ಆ ಬೆಳಕಿನಲ್ಲಿ ರಾವಣನ ಕಿರೀಟ ಝಗಝಗಿಸಿತು, ಅದರ ನೆರಳಿನಲ್ಲಿ ರಾವಣನ ಕಣ್ಣುಗಳು ಹುದುಗಿಹೋದುವು. ಹಿಂದೆ ಕುಳಿತಿದ್ದ ಬಾಲಕನೊಬ್ಬ, ತಾತ, ಅವನಿಗೆ ಕೋಪ ಬಂದಿದೆಯೋ ಇಲ್ಲವೋ ಎಂದು ಕೇಳಿದ. ಅಭಿನಯದಲ್ಲಿ ಕೊರತೆಯಿರಲಿಲ್ಲ; ಅದನ್ನು ಹುಡುಗನಿಗೆ ತಲಪಿಸಬೇಕಾಗಿದ್ದ ಬೆಳಕು ಕೈಕೊಟ್ಟಿತ್ತು.

ಇನ್ನೆರಡು ದೋಷಗಳನ್ನು ಸಂಕ್ಷೇಪವಾಗಿ ಹೇಳುವೆನು. ಒಂದು, ಕಣ್ಣಿಗೆ ನೇರವಾಗಿ ಹೊಡೆಯುವ ಝಳಪು: ಎಲ್‌ಇಡಿಯ ಬೆಳಕು ಸಾಸಿವೆಯಷ್ಟು ಚುಕ್ಕೆಯಿಂದ ಹೊಮ್ಮುವುದಾದ್ದರಿಂದ ಮರೆಯಿಲ್ಲದೆ ತೂಗುಹಾಕಿದರೆ ಅದು ಬೆಳಗುವುದಕ್ಕಿಂತ ಹೆಚ್ಚಾಗಿ ಕುರುಡಾಗಿಸುತ್ತದೆ. ಇನ್ನೊಂದು, ಕಾಣದ ಮಿಡಿತ: ಅಗ್ಗದ ದೀಪದೊಳಗಿನ ವಿದ್ಯುತ್ ಉಪಕರಣ ಕಳಪೆಯಾಗಿದ್ದರೆ ಬೆಳಕು ಸೆಕೆಂಡಿಗೆ ಅಮೆರಿಕದಲ್ಲಿ 120, ನಮ್ಮಲ್ಲಿ 100 ಸಲ ಏರಿಳಿಯುವುದು, ಕಣ್ಣು ಅದನ್ನು ಗುರುತಿಸದಿದ್ದರೂ ಕೆಲವರಿಗೆ ತಲೆನೋವು ಗುರುತಿಸುತ್ತದೆ. ಇವುಗಳ ಮೇಲೆ ಹೊತ್ತಿನ ವಿಚಾರವೊಂದು ಬೇರೆ. ನೋಡುವ ಕೆಲಸಕ್ಕಲ್ಲದೆ, ದೇಹಕ್ಕೆ ಹಗಲಿರುಳುಗಳ ಸುದ್ದಿಯನ್ನು ಮುಟ್ಟಿಸುವ ಕೆಲಸಕ್ಕೆಂದೇ ಕಣ್ಣಿನ ಹಿಂಪಟಲದಲ್ಲಿ ಕೆಲವು ಜೀವಕೋಶಗಳಿವೆಯೆಂಬುದು 2002ರ ಸುಮಾರಿಗೆ ಸ್ಥಿರಪಟ್ಟಿತು. ಅವು ನೀಲಿಯ ಬೆಳಕಿಗೆ ವಿಶೇಷವಾಗಿ ಎಚ್ಚರಗೊಳ್ಳುತ್ತವೆ. ಅಮೆರಿಕದ ವೈದ್ಯಸಂಘ 2016ರಲ್ಲಿ ಬೀದಿದೀಪಗಳ ಬಣ್ಣ, ಏರಿದಷ್ಟೂ ನೀಲಿಯಾಗುವ ಕೆಲ್ವಿನ್ ಅಳತೆಯಲ್ಲಿ, 3000ವನ್ನು ಮೀರದಿರಲಿ ಎಂದು ಸಲಹೆ ಮಾಡಿದ್ದಕ್ಕೆ ಇದೂ ಒಂದು ಕಾರಣ. ಬೀದಿಗೆ ಸಲ್ಲದ ನೀಲಿ, ರಾತ್ರಿ ಎಂಟರ ಭಜನೆಗೆ ಸಲ್ಲುವುದೆ?

ಇಷ್ಟನ್ನು ಕೇಳಿದ ಮೇಲೆ ಈತ ಎಲ್‌ಇಡಿಯ ವೈರಿಯೆಂದು ಯಾರೂ ಭಾವಿಸಬಾರದು. ಅದೇ ಎಲ್‌ಇಡಿ, ಯೋಚಿಸಿ ಇಟ್ಟ ಕಡೆಗಳಲ್ಲಿ, ಎಡಿಸನ್ನನ ಬಲ್ಬಿಗೆ ಕನಸಿನಲ್ಲಿಯೂ ಸಾಧ್ಯವಾಗದಿದ್ದುದನ್ನು ಮಾಡಿ ತೋರಿಸಿದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯ ಈ ದೀಪಗಳನ್ನು ಮೊದಮೊದಲು ಪರೀಕ್ಷಿಸಿ ನೋಡಿದ ಸಂಸ್ಥೆಗಳಲ್ಲೊಂದು. ಇಂಧನ ಇಲಾಖೆಯ ಪ್ರಯೋಗಕ್ಕೆ ತನ್ನ ಚಿತ್ರಶಾಲೆಗಳನ್ನೇ ತೆರೆದಿಟ್ಟು, ಚಿತ್ರದ ಬಣ್ಣಕ್ಕೆ ಮೋಸವಾಗದೆ ವಿದ್ಯುತ್ತು ಉಳಿಯುವುದೇ ಎಂದು ಗೋಡೆಗೋಡೆಯಾಗಿ ನೋಡಿ ಮುಂದುವರಿಯಿತು. ಅದೇ ನಗರದ ನ್ಯಾಷನಲ್ ಗ್ಯಾಲರಿಯ ಎರಡು ಕಟ್ಟಡಗಳನ್ನು ಕೂಡಿಸುವ ನೆಲಮಾಳಿಗೆಯ ಹಾದಿಯಲ್ಲಿ ಲಿಯೋ ವಿಲಿಯಾರಿಯಲ್ ಎಂಬ ಕಲಾವಿದರು 2008ರಲ್ಲಿ ಸುಮಾರು 41,000 ಬಿಂದುದೀಪಗಳನ್ನು ಜೋಡಿಸಿದರು. ಜಾರುಪಟ್ಟಿಯ ಮೇಲೆ ನಿಂತು ಸಾಗುವವನಿಗೆ ನಕ್ಷತ್ರಮಂಡಲವೊಂದು ಉಸಿರಾಡಿದಂತೆ ತೋರುವುದು. ಅಟ್ಲಾಂಟದ ವಿಮಾನ ನಿಲ್ದಾಣದಲ್ಲಿ ಎ ಮತ್ತು ಬಿ ಕಾನ್‌ಕೋರ್ಸುಗಳ ನಡುವಣ ಸುರಂಗವನ್ನು ಸ್ಟೀವ್ ವಾಲ್ಡೆಕ್ 2016ರಲ್ಲಿ ಜಾರ್ಜಿಯಾದ ಕಾಡಾಗಿ ಮಾರ್ಪಡಿಸಿದರು. ತಲೆಯ ಮೇಲೆ ಲೋಹದ ಎಲೆಗಳು, ಅವುಗಳ ಸಂದಿನಿಂದ ಸೋಸಿ ಬರುವ ಹಸುರು ಬೆಳಕು, ಆಗಾಗ ಮಳೆಯ ಸದ್ದು. ವಿಮಾನಕ್ಕೆ ಓಡುತ್ತಿದ್ದವರು ಅಲ್ಲಿ ಹೆಜ್ಜೆ ನಿಧಾನಿಸುವುದನ್ನು ನಾನು ನೋಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ಪಾಠ ದೀಪವನ್ನು ಹಗಲಿಗೆ ಅಧೀನವಾಗಿಸಿದ ಕಟ್ಟಡಗಳದು. ರ‍್ಯಾಲಿಯಲ್ಲಿ ಥಾಮಸ್ ಫೈಫರ್ ರೂಪಿಸಿ 2010ರಲ್ಲಿ ತೆರೆದ ಉತ್ತರ ಕ್ಯಾರೊಲೈನಾ ಕಲಾ ಸಂಗ್ರಹಾಲಯದ ಹೊಸ ಕಟ್ಟಡ ಹೊರಗಿನಿಂದ ನೋಡಿದರೆ ಉಗ್ರಾಣದಂತೆ ಸಪ್ಪೆ. ಒಳಗೆ ಕಾಲಿಟ್ಟರೆ 362 ಅಂಡಾಕಾರದ ಗವಾಕ್ಷಿಗಳಿಂದ ಆಕಾಶದ ಬೆಳಕು ಹಾಲಿನಂತೆ ಇಳಿದು, ಗೋಡೆಯೂ ಚಿತ್ರವೂ ಶಿಲೆಯೂ ಮೋಡ ಸರಿದಂತೆ ಬದಲಾಗುತ್ತ ಜೀವ ತಳೆದಿವೆ. ಅಟ್ಲಾಂಟದ ಹೈ ಸಂಗ್ರಹಾಲಯಕ್ಕೆ ರೆನ್ಜೊ ಪಿಯಾನೊ 2005ರಲ್ಲಿ ಸೇರಿಸಿದ ಭಾಗದ ಚಾವಣಿಯ ಮೇಲೆ ಉತ್ತರ ದಿಕ್ಕಿನ ತಂಪುಬೆಳಕನ್ನು ಮೊಗೆಯುವ ಸಾವಿರ ಸೌಟುಗಳು ಸಾಲುಗಟ್ಟಿವೆ. ಹೀಗೆ ಮೊಗೆದದ್ದು ಸಾಲದಾದಾಗ, ಸಂಜೆಯಾದಾಗ, ಮನುಷ್ಯನಿರ್ಮಿತ ದೀಪ ಮೆಲ್ಲನೆ ಬಂದು ಸೇರುವುದಕ್ಕೆ ಅವಕಾಶವಿದೆ. ಈ ಮರ್ಯಾದೆ ನಮಗೆ ಹೊಸದೆ? ಹೊಯ್ಸಳರ ನವರಂಗದಲ್ಲಿ ಜಾಲಂಧ್ರದ ಕಿಂಡಿಗಳಿಂದ ಬಂದ ಬೆಳಕು ಕಡೆದ ಕಂಬಗಳ ನುಣುಪಿನ ಮೇಲೆ ಜಾರಿ ಒಳಗಿನ ಕತ್ತಲೆಯನ್ನು ಕೊಲ್ಲದೆ ತಿಳಿಗೊಳಿಸುವುದನ್ನು ಬೇಲೂರಿಗೆ ಹೋದವರೆಲ್ಲ ಬಲ್ಲರು. ಗರ್ಭಗುಡಿಯ ಕತ್ತಲೆಯಲ್ಲಿ ಅರ್ಚಕನ ಕೈಯ ಮಂಗಳಾರತಿ ಪಾದದಿಂದ ಮುಖಕ್ಕೆ ಏರುತ್ತ, ತೋರಿಸಬೇಕಾದದ್ದನ್ನು ತೋರಿಸಬೇಕಾದ ಕ್ಷಣದಲ್ಲಿ ಮಾತ್ರ ತೋರಿಸುವುದಿದೆಯಷ್ಟೆ, ಬೆಳಕಿನ ವಿನ್ಯಾಸವೆಂದು ಈಗ ಕಲಾಶಾಲೆಗಳಲ್ಲಿ ಕಲಿಸುವುದರ ಸಾರ ಅದರಲ್ಲಿ ಅಡಗಿದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಡಬೇಕು, ಏಕೆಂದರೆ ಅದು ನನ್ನ ವಯಸ್ಸಿನವರದೇ ಆಕ್ಷೇಪ. ಅರವತ್ತು ದಾಟಿದವನ ಹಿಂಪಟಲಕ್ಕೆ ಇಪ್ಪತ್ತರ ತರುಣನಿಗೆ ತಲಪುವ ಬೆಳಕಿನ ಮೂರರಲ್ಲಿ ಒಂದು ಪಾಲು ಮಾತ್ರ ತಲಪುವುದೆಂದು ನೇತ್ರಶಾಸ್ತ್ರಜ್ಞರು ಹೇಳುತ್ತಾರೆ. ಹೀಗಿರುವಾಗ ಮೃದುಬೆಳಕು, ನೆರಳು ಎಂದು ಹಾಡುವುದು ವೃದ್ಧರನ್ನು ಮೆಟ್ಟಿಲಿನಿಂದ ಉರುಳಿಸುವ ರಸಿಕತೆಯಲ್ಲವೆ? ಒಪ್ಪತಕ್ಕ ಮಾತು, ಅರ್ಧದವರೆಗೆ. ಮುದಿಗಣ್ಣಿಗೆ ಹೆಚ್ಚು ಬೆಳಕು ಬೇಕೆಂಬುದು ಎಷ್ಟು ಸತ್ಯವೋ, ಅದು ಝಳಪನ್ನು ತಾಳಲಾರದೆಂಬುದೂ ಅಷ್ಟೇ ಸತ್ಯ. ಚಾವಣಿಯಲ್ಲಿ ದೀಪಗಳನ್ನು ಇಮ್ಮಡಿಸಿದರೆ ನಾನು ಕಣ್ಣು ಕಿರಿದು ಮಾಡಿಕೊಳ್ಳುವೆನೇ ಹೊರತು ಮೆಟ್ಟಿಲನ್ನು ಕಾಣಲಾರೆ; ಮೆಟ್ಟಿಲಿನ ಅಂಚಿಗೊಂದು ಮರೆಮಾಡಿದ ಎಳೆ ಬೆಳಕು, ಪುಸ್ತಕ ಹಿಡಿಯುವ ಮೇಜಿಗೊಂದು ದೀಪ, ಎದುರಿನ ಗೋಡೆಗೆ ಹಾಯಿಸಿದ ಹೊಳಪು, ಇಷ್ಟಿದ್ದರೆ ಅರ್ಧ ವ್ಯಾಟಿನಲ್ಲಿ ಇಮ್ಮಡಿ ಕಾಣಬಲ್ಲೆ. ಮುದುಕರ ಹೆಸರಿನಲ್ಲಿ ಹೆಚ್ಚು ದೀಪಗಳನ್ನು ಮಾರುವವರು ಮುದುಕರನ್ನು ಕೇಳಿ ಮಾರುತ್ತಿಲ್ಲ.

ಈ ಮಾತು ನಮ್ಮ ನಾಡಿಗೂ ಸಲ್ಲುತ್ತದೆ. ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ತನ್ನು ಹುಟ್ಟಿಸಿ, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಮಾರುಕಟ್ಟೆಯ ಬಳಿ ಬೀದಿದೀಪವನ್ನು ಹೊತ್ತಿಸಿದ ಸಂಸ್ಥಾನ ನಮ್ಮದು. ಮೈಸೂರು ಅರಮನೆಯ ಅಂಚುಗಳನ್ನು ಸುಮಾರು ಒಂದು ಲಕ್ಷ ಬಲ್ಬುಗಳು ರೇಖಿಸಿದಾಗ ದಸರಾ ನೋಡಲು ಬಂದ ಜನ ಉಸಿರು ಬಿಗಿಹಿಡಿಯುವುದು ಬಲ್ಬಿನ ಸಂಖ್ಯೆಗಾಗಿ ಅಲ್ಲ. ಕಟ್ಟಡದ ಆಕಾರವನ್ನು ಅರಿತವನೊಬ್ಬ ಅವನ್ನು ಇಟ್ಟಿದ್ದಾನೆಂಬುದಕ್ಕಾಗಿ, ಹಿಂದೆ ಅಪ್ಪಟ ಕತ್ತಲೆಯಿದೆಯೆಂಬುದಕ್ಕಾಗಿ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಿಂದ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದುವು. ಬಡವನ ಗುಡಿಸಲಿಗೆ ಅದು ನಿಜವಾದ ಉಪಕಾರ. ಆದರೆ ಅದೇ ತಣ್ಣನೆಯ ಬಿಳಿಯನ್ನು ಕಲ್ಯಾಣಮಂಟಪಕ್ಕೂ ಬ್ಯಾಂಕಿಗೂ ಹೆರಿಗೆ ಆಸ್ಪತ್ರೆಗೂ ಗ್ರಂಥಾಲಯಕ್ಕೂ ಭೇದವಿಲ್ಲದೆ ಸುರಿಯುವುದು ಉಪಕಾರದ ಮುಂದುವರಿಕೆಯಲ್ಲ, ಅಲಕ್ಷ್ಯದ ಮುಂದುವರಿಕೆ. ಹಡೆದ ತಾಯಿ ತನ್ನ ಕೂಸಿನ ಮುಖವನ್ನು ಮೊದಲ ಸಲ ನೋಡುವ ಬೆಳಕನ್ನು ಅತಿ ಕಡಿಮೆ ದರದ ಟೆಂಡರು ನಿರ್ಣಯಿಸಕೂಡದು.

ಮಾಡತಕ್ಕದ್ದು ದೊಡ್ಡದೇನಲ್ಲ. ಸರ್ಕಾರದ ಟೆಂಡರಿನಲ್ಲಿಯೂ ದೇವಸ್ಥಾನದ ದರಪಟ್ಟಿಯಲ್ಲಿಯೂ ವ್ಯಾಟಿನ ಪಕ್ಕದಲ್ಲಿ ಬೆಳಕಿನ ಬಣ್ಣ, ಕಡುಗೆಂಪಿನ ಅಂಕವೂ ಸೇರಿದ ವರ್ಣನಿಷ್ಠೆ, ಝಳಪಿಗೆ ಮರೆ, ಮಿಡಿತದ ಮಿತಿ, ತಗ್ಗಿಸಿ ಏರಿಸುವ ಸೌಲಭ್ಯ, ಇವುಗಳಿಗೂ ಅಂಕಣವಿರಲಿ. ದೊಡ್ಡ ಕಟ್ಟಡಕ್ಕೆ ಬೆಳಕಿನ ವಿನ್ಯಾಸಕನೊಬ್ಬನನ್ನು ವಾಸ್ತುಶಿಲ್ಪಿಯ ಜತೆಯಲ್ಲಿಯೇ ನೇಮಿಸಲಿ. ಗೋಡೆ ಎದ್ದ ಮೇಲೆ ಕರೆದರೆ ಅವನು ಅಲಂಕಾರ ಮಾಡಬಲ್ಲನೇ ಹೊರತು ವಿನ್ಯಾಸ ಮಾಡಲಾರ. ಕಿಟಕಿಯ ಲೆಕ್ಕ ಮುಗಿದ ಬಳಿಕ ದೀಪದ ಲೆಕ್ಕ ಆರಂಭವಾಗಲಿ. ಕೊನೆಯದಾಗಿ, ನೂರು ದೀಪಗಳಿಗೆ ಹಣ ಕಟ್ಟುವ ಮೊದಲು ಎರಡು ಮೂರನ್ನು ತರಿಸಿ, ನಿಜವಾದ ಎತ್ತರದಲ್ಲಿ ತೂಗುಹಾಕಿ, ಒಂದು ಸಂಜೆ ಅವುಗಳ ಕೆಳಗೆ ಒಬ್ಬ ಅಜ್ಜಿಯನ್ನೂ ಒಂದು ಮಗುವನ್ನೂ ಒಂದು ಬಟ್ಟಲು ಕುಂಕುಮವನ್ನೂ ಕೂರಿಸಿ ನೋಡಲಿ. ಸೀರೆಯ ಸೆರಗನ್ನು ಬಾಗಿಲಿಗೆ ತಂದು ನೋಡುವ ತಾಯಿಯ ವಿವೇಕಕ್ಕಿಂತ ಹೆಚ್ಚಿನ ಯಾವ ವಿಜ್ಞಾನವೂ ಇದಕ್ಕೆ ಬೇಕಾಗಿಲ್ಲ.

ಇದನ್ನೇ ನಾನು ಆ ಖಜಾಂಚಿಗಳಿಗೆ, ಮಾರನೆಯ ವಾರ ಪ್ರಸಾದದ ಸಾಲಿನಲ್ಲಿ ಸಿಕ್ಕಿದಾಗ, ಸಂಕೋಚದಿಂದಲೇ ಹೇಳಿದೆ. ಸಾಫ್ಟ್‌ವೇರಿನ ಕೆಲಸದವರು, ಲೆಕ್ಕದಲ್ಲಿ ಕಟ್ಟುನಿಟ್ಟು. ಅಂಕಲ್, ಅಂಕಣಗಳನ್ನು ಬರೆದುಕೊಡಿ, ಕೇಳಿ ನೋಡುವೆನು, ಅದರಲ್ಲಿ ನಷ್ಟವೇನು ಎಂದರು. ಐದು ಅಂಕಣಗಳನ್ನು ಬರೆದುಕೊಟ್ಟೆ. ಎರಡು ವಾರಗಳ ಮೇಲೆ ಕಾಂಟ್ರಾಕ್ಟರನ ಉತ್ತರ ಬಂತು. ನಸುಹೊನ್ನಿನ ಬಣ್ಣದ, ಕೆಂಪಿಗೆ ನಿಷ್ಠವಾದ, ತಗ್ಗಿಸಬಹುದಾದ ದೀಪಕ್ಕೆ ಒಂದೊಂದಕ್ಕೆ ಕೆಲವೇ ಡಾಲರು ಹೆಚ್ಚಾಗುವುದೆಂದೂ, ರಿಯಾಯಿತಿಗೆ ಅದರಿಂದ ಬಾಧೆಯಿಲ್ಲವೆಂದೂ, ಆ ದೀಪವನ್ನು ತಾವು ಹಿಂದಿನಿಂದಲೂ ಇಟ್ಟುಕೊಂಡಿದ್ದೇವೆಂದೂ ಅದರಲ್ಲಿ ಬರೆದಿತ್ತು. ಹಾಗಾದರೆ ಮೊದಲೇ ಏಕೆ ತೋರಿಸಲಿಲ್ಲವೆಂದು ಖಜಾಂಚಿಗಳು ಫೋನಿನಲ್ಲಿ ಕೇಳಿದರಂತೆ. ಇದುವರೆಗೆ ಯಾರೂ ಕೇಳಿರಲಿಲ್ಲ ಎಂದನಂತೆ ಅವನು.